ಹರಗೋಲಿನ ಅಂಚಿನಡಿ ಮೂರು ಕಲ್ಲು

ಬರೆದದ್ದನ್ನು ಅಳಿಸಬಾರದು. ಡೈರಿ ಶುರುಮಾಡಿದ ದಿನವೇ ಸುನಂದಾ ತನಗೆ ತಾನೇ ಹಾಕಿಕೊಂಡ ಕಟ್ಟಳೆ ಅದು. ಆದರೂ ಈ ಹದಿನೆಂಟು ದಿನಗಳಲ್ಲಿ ಒಂದು ಸಾಲನ್ನು ಹೊಡೆದುಹಾಕಲೆಂದು ನಾಲ್ಕು ಸಲ ಪೆನ್ನು ಎತ್ತಿ, ನಾಲ್ಕು ಸಲವೂ ಕೆಳಗಿಟ್ಟಿದ್ದಳು.

‘ಭಾನುವಾರ, ಬೆಳಿಗ್ಗೆ ಹತ್ತು. ಮಾರೆಣ್ಣ ಮಾಮನ ಹರಗೋಲು ಆಚೆ ದಂಡೆಯ ಮೇಲೆ ಬೋರಲು. ಅಂಚಿನಡಿ ಮೂರು ಕಲ್ಲು.’

ಅಷ್ಟೇ. ಅದರಲ್ಲಿ ಯಾರ ಮೇಲೂ ದೂರಿಲ್ಲ, ಯಾರ ಗುಟ್ಟೂ ಇಲ್ಲ. ಆದರೂ ಓದಿದಾಗಲೆಲ್ಲ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂತೆ. ಏನೋ ಗೊತ್ತಿದೆ, ಏನೆಂದು ಗೊತ್ತಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು. ಗೊತ್ತಾದರೆ ಹೇಳಬೇಕಾಗುತ್ತದೆ. ನಾಲ್ಕು ಜನರೆದುರು ಬಾಯಿ ಬಿಡುವುದೆಂದರೆ ಬಿ.ಎ. ಮುಗಿಸಿದ ಈ ಹುಡುಗಿಗೆ ಇವತ್ತಿಗೂ ಚಳಿಜ್ವರ.

“ಡೈರಿ ಮುಚ್ಚವ್ವಾ ತಾಯಿ, ಪುರಾಣ ಆಮ್ಯಾಲ ಬರದೀಯಂತ,” ಎಂದು ಹೆಡ್ ಕಾನ್‌ಸ್ಟೇಬಲ್ ವಿರೂಪಮ್ಮ ಮೊಣಕೈಯಿಂದ ತಿವಿದಳು. “ಹತ್ತು ನಿಮಿಷ ಅಷ್ಟ ಕೊಟ್ಟಾರ. ನಿನ್ನ ಮಾಮ ಬಂದ ನೋಡು.”

ಬಳ್ಳಾರಿ ಜೈಲಿನ ಭೇಟಿಯ ಕೋಣೆ. ಜಾಲರಿಯ ಆಚೆ ಮಾರೆಣ್ಣ ಬಂದು ನಿಂತ. ಸುನಂದಾಳ ಊರಾದ ಹೊಳೆಗಡ್ಡಿಯ ಅಂಬಿಗ. ಹೆರಿಗೆ ನೋವು ತಿನ್ನುತ್ತಿದ್ದ ರೇಣುಕಾಳನ್ನು ತೂತುಬಿದ್ದ ಹರಗೋಲಿನಲ್ಲಿ ದಾಟಿಸಲು ಹೋಗಿ ಸಾಯಿಸಿದ ಎಂಬ ಆರೋಪ ಹೊತ್ತವನು. ಆ ತೂತಿನ ಪಂಚನಾಮೆಗೆ ಸಾಕ್ಷಿ ಸಹಿ ಹಾಕಿದವಳು ಸುನಂದಾ. ಊರಲ್ಲಿ ಓದಿದವಳು ನೀನೊಬ್ಬಳೇ ಎಂದು ಕರೆದು ಹಾಕಿಸಿದ್ದರು. ಅವಳು ಕಂಡದ್ದನ್ನು ಕಂಡಿದ್ದೇನೆ ಎಂದಷ್ಟೇ ಬರೆದುಕೊಟ್ಟಿದ್ದಳು. ಆ ಒಂದು ಸಹಿ ಈ ಮನುಷ್ಯನನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು.

“ಹೊಳಿ ಇಳದೈತೇನು ಮಗಳ?” ಎಂದ ಮಾರೆಣ್ಣ. ಮೊದಲ ಮಾತೇ ಅದು.

ಸುನಂದಾ ತಲೆಯಾಡಿಸಿದಳು.

“ನಾಳಿ ಚಾರ್ಜ್‌ಶೀಟ್ ಹೋಗತೈತಿ ಮಾರೆಣ್ಣ,” ಎಂದಳು ವಿರೂಪಮ್ಮ. “ಒಮ್ಮಿ ಹೋತು ಅಂದ್ರ ನನ್ನ ಕೈಯಾಗ ಏನೂ ಇರಂಗಿಲ್ಲ. ನೆಪ್ಪು ಮಾಡ್ಕೊಂಡು ಹೇಳು. ಹೆಣ ಇಳಿಸಿದ ಮ್ಯಾಲೆ ಪುಟ್ಟಿ ಹೆಂಗ ಬಿಟ್ಟಿ?”

ಆ ಕಡೆಯವರಿಗೆ ಹರಗೋಲೆಂದರೆ ಪುಟ್ಟಿ, ಬೋರಲು ಹಾಕುವುದೆಂದರೆ ಡಬ್ಬ ಹಾಕುವುದು.

“ಹೆಂಗ ಅಂದ್ರ? ಅಂಗಾತ ಬಿಟ್ಟು ಹೋದ್ನಿ.”

“ಡಬ್ಬ ಹಾಕಲಿಲ್ಲ?”

“ಹೆಣ ಇಳಿಸಿದ ಪುಟ್ಟಿನ ಅವತ್ತ ಡಬ್ಬ ಹಾಕಂಗಿಲ್ರೀ ನಮ್ಮ ಮನ್ಯಾಗ. ಒಂದು ರಾತ್ರಿ ಬಾಯಿ ತಕ್ಕೊಂಡು ಮಲಗಬೇಕು ಅದು. ಮರುದಿನ ತೊಳದು ಡಬ್ಬ ಹಾಕೋದು. ನಮ್ಮಪ್ಪ ಹಂಗ ಮಾಡ್ತಿದ್ದ. ಆ ಹುಡುಗಿ ಹೊದ್ದ ಕೌದಿನೂ ಅದರಾಗ ಇತ್ತು. ನಾ ಕೂಸಿನ್ನ ಎತ್ಕೊಂಡು ಆಂಬುಲೆನ್ಸ್ ಹತ್ತಿದ್ನಿ. ಸಂಜಿಗೆ ದವಾಖಾನ್ಯಾಗ ಹಿಡಕೊಂಡ್ರು. ಹಿಂದಕ ಎಲ್ಲಿ ಹೋದ್ನಿ ನಾನು?”

ವಿರೂಪಮ್ಮ ನಿಧಾನಕ್ಕೆ ಸುನಂದಾಳ ಕಡೆ ತಿರುಗಿದಳು. “ನೀ ಬರಕೊಂಡಿದ್ದು ಓದು.”

ಸುನಂದಾ ಓದಿದಳು. ದನಿ ಸೊಳ್ಳೆಯಂತೆ ಬಂತು. ‘ಬೋರಲು’ ಎಂಬ ಮಾತಿಗೆ ಮಾರೆಣ್ಣನ ಹುಬ್ಬು ಮೇಲೇರಿತು.

“ಯಾರು ಡಬ್ಬ ಹಾಕಿದ್ರು?”

“ಅದ ನನ್ನ ಪ್ರಶ್ನಿ,” ಎಂದಳು ವಿರೂಪಮ್ಮ. “ತಳ ಕೊಯ್ಯಾಕ ಡಬ್ಬ ಹಾಕ್ಯಾನ. ಕೊಯ್ದ ಮ್ಯಾಲೆ ಹಂಗ ಬಿಟ್ಟಾನ. ಹೊಳಿ ಗೊತ್ತಿಲ್ಲದಾಂವ ಆಗಿದ್ರ ಒಳಗ ಕುಂತು ಚಾಕು ಹಾಕ್ತಿದ್ದ, ಓಡ್ತಿದ್ದ. ಇಂವಗ ಪುಟ್ಟಿ ಅಂಗಾತ ಬಿಡಾಕ ಮನಸ್ಸು ಬಂದಿಲ್ಲ. ಮಳಿ ಬಂದ್ರ ನೀರು ನಿಂತು ಕೊಳೀತೈತಿ ಅಂತ ಕೈ ತಡದೈತಿ. ಕೊಯ್ದು ಹಾಳು ಮಾಡಿದ ಪುಟ್ಟಿ ಕೊಳೀಬಾರದು! ನಗಬೇಕೋ ಅಳಬೇಕೋ?”

ಮಾರೆಣ್ಣ ನಗಲಿಲ್ಲ. ಜಾಲರಿಗೆ ಬೆರಳು ಸಿಕ್ಕಿಸಿ ಸುನಂದಾಳನ್ನೇ ನೋಡಿದ. “ನಮ್ಮಾವ್ರ ಯಾರೋ ಮಾಡ್ಯಾರ ಅಂದಂಗಾತು. ಬ್ಯಾಡ ಬಿಡವ್ವಾ. ಗೊತ್ತಾಗದಿದ್ರ ಚಲೋ.”

ಅವನಿಗೂ ಗೊತ್ತಾಗುವುದು ಬೇಡವಾಗಿತ್ತು. ಅದನ್ನು ಕಂಡು ಸುನಂದಾಳಿಗೆ ಮೊದಲ ಸಲ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

*

ಜೀಪು ಕುರುಗೋಡಿನಲ್ಲಿ ನಿಂತಿತು. ಅಲ್ಲಿನ ಫೋಟೋ ಸ್ಟುಡಿಯೋದಿಂದ ವಿರೂಪಮ್ಮ ಒಂದು ಕವರು ತಂದಳು. ಬೀದಿಯ ಕೊನೆಯಲ್ಲಿ ಕಾಯುತ್ತಿದ್ದ ಜಂಬುನಾಥ ಹತ್ತಿದ. ರೇಣುಕಾಳ ಅಣ್ಣ. ಹೊಳೆಯ ನಡುವೆ ಹುಟ್ಟಿದ ಕೂಸು ಈಗ ಅವನ ಮನೆಯಲ್ಲಿ ಬಾಟಲಿ ಹಾಲು ಕುಡಿಯುತ್ತಿತ್ತು.

“ಕೂಸಿಗೆ ಹೆಸರಿಟ್ರೇನಪಾ?” ಎಂದಳು ವಿರೂಪಮ್ಮ.

“ಮೊದ್ಲು ಅದರವ್ವನ್ನ ಕೊಂದಾಂವಗ ಶಿಕ್ಷಿ ಆಗ್ಲಿ. ಆ ಮಾರೆಣ್ಣನ್ನ ಒಂದು ತಾಸು ನನ್ನ ಕೈಗೆ ಕೊಡ್ರಿ ಸಾಕು.”

“ಕೊಡೋಣಂತ. ಯಾರನ್ನ ಕೊಡಬೇಕು ಅನ್ನೋದು ಇವತ್ತ ನೋಡೋಣ, ಬಾ.”

ಸಿರಿಗೇರಿ ದಾಟುವಾಗ ವಿರೂಪಮ್ಮ ತನ್ನ ತವರುಮನೆಯ ಕಡೆ ಕೈ ತೋರಿಸಿ, ಅಲ್ಲಿ ಜೋಳದ ರೊಟ್ಟಿ ಕಾಯುತ್ತಿದ್ದರೂ ಇಳಿಯುವ ಪುಣ್ಯವಿಲ್ಲವೆಂದು ನಿಟ್ಟುಸಿರಿಟ್ಟಳು. ಸಿರುಗುಪ್ಪ ಬಂತು. ಭತ್ತದ ಗದ್ದೆಗಳ ನಡುವೆ ರಸ್ತೆ ಸಣ್ಣದಾಗುತ್ತ ಹೋಗಿ, ಕಡೆಗೆ ರಸ್ತೆಯೇ ಉಳಿಯಲಿಲ್ಲ. ಎದುರಿಗೆ ತುಂಗಭದ್ರೆ. ಎರಡು ಸೀಳಾಗಿ ಹರಿಯುವ ಹೊಳೆಯ ನಡುವೆ ಅರವತ್ತು ಮನೆಗಳ ಹೊಳೆಗಡ್ಡಿ.

ದಂಡೆಯಲ್ಲಿ ಸೇತುವೆಯ ಅಡಿಗಲ್ಲು ಇತ್ತು, ಜಾಲಿಯ ಪೊದೆಯೊಳಗೆ. ಅದರ ಮೇಲಿನ ಹೆಸರುಗಳನ್ನು ಕೂಡಿಸಿ ಓದಿಯೇ ಸುನಂದಾ ಅಕ್ಷರ ಕಲಿತದ್ದು. ಅವಳು ಬಿ.ಎ. ಮುಗಿಸಿದಳು, ಅಡಿಗಲ್ಲಿನ ಮೇಲೆ ಎರಡನೇ ಕಲ್ಲು ಏರಲಿಲ್ಲ.

ಹರಗೋಲನ್ನು ಅವಳೇ ನಡೆಸಿದಳು. ಮಾತಿಗೆ ನಡುಗುವ ಹುಡುಗಿ ಹುಟ್ಟು ಕೈಗೆ ಬಂದರೆ ಬೇರೆಯೇ. ಮೊದಲು ದಂಡೆಗುಂಟ ಮೇಲಕ್ಕೆ ಎಳೆದೊಯ್ದು, ಆಮೇಲೆ ಸೆಳವಿಗೆ ಬಿಟ್ಟು, ಓರೆಯಾಗಿ ದಾಟಿಸಿದಳು. ಜಂಬುನಾಥ ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದ.

“ಇಳಿದ ಹೊಳ್ಯಾಗ ಹಿಂಗ,” ಎಂದಳು ವಿರೂಪಮ್ಮ. “ತುಂಬಿದ ಹೊಳ್ಯಾಗ ನಿನ್ನ ತಂಗಿ ನೋವು ತಿನ್ಕೋತ ಕುಂತಿದ್ಲು.”

ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ಹೊಳೆಗಡ್ಡಿ ವಾರಗಟ್ಟಲೆ ಲೋಕದಿಂದ ಕಳಚಿಬೀಳುತ್ತಿತ್ತು. ಮೇಷ್ಟ್ರು ಬರುವುದಿಲ್ಲ, ನರ್ಸ್ ಬರುವುದಿಲ್ಲ, ಅಕ್ಕಿ ಬರುವುದಿಲ್ಲ. ಹಾವು ಮಾತ್ರ ಬರುತ್ತವೆ, ತೇಲಿಕೊಂಡು. ಕೂಗಿ ಕೂಗಿ ಗಂಟಲು ಹರಿದ ಮೇಲೆ ಹೋದ ವರ್ಷ ಒಂದು ಫೈಬರ್ ಬೋಟು ಕೊಟ್ಟಿದ್ದರು, ಎಂಜಿನ್ ಸಮೇತ. ಅದಕ್ಕೊಂದು ಶೆಡ್ಡು, ಶೆಡ್ಡಿಗೊಂದು ಬೀಗ, ಬೀಗಕ್ಕೊಬ್ಬ ಕಾವಲುಗಾರ. ಕಾವಲುಗಾರ ಎರ್ರಣ್ಣ, ಸುನಂದಾಳ ಅಪ್ಪ. ಮೂವತ್ತು ವರ್ಷ ಮಾರೆಣ್ಣನ ಜೊತೆ ಹುಟ್ಟು ಹಾಕಿ, ಈಗ ಖಾಕಿ ಅಂಗಿ ತೊಟ್ಟವನು.

ಗಡ್ಡೆಯ ದಂಡೆಯಲ್ಲಿ ಏಳು ಹರಗೋಲುಗಳು ನೆಲಕ್ಕೆ ಒತ್ತಿಕೊಂಡು ಬೋರಲು ಬಿದ್ದಿದ್ದವು. ಗಾಳಿಗೆ ಹಾರದಂತೆ ಒಂದೊಂದರ ಬೆನ್ನ ಮೇಲೂ ಕಲ್ಲು ಹೇರಿದ್ದರು. ಸುನಂದಾ ತಮ್ಮ ಹರಗೋಲನ್ನೂ ಅವುಗಳ ಸಾಲಿನಲ್ಲೇ ಮಗುಚಿ, ಮೇಲೊಂದು ಕಲ್ಲಿಟ್ಟಳು. ಯಾಕೋ ಆ ಕಲ್ಲಿನ ಮೇಲಿಂದ ಕೈ ತೆಗೆಯಲು ತಡವಾಯಿತು.

*

ಬೋಟಿನ ಶೆಡ್ಡಿನ ಮುಂದೆ ಊರೇ ನೆರೆದಿತ್ತು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಂಚಾಯಿತಿ ಅಧ್ಯಕ್ಷ ಚಿದಾನಂದಪ್ಪ. ಆಚೆ ದಂಡೆಯ ದೊಡ್ಡ ಕುಳ. ನಡುಗಡ್ಡೆಗೆ ಬಂದರೂ ಬಿಳಿ ಅಂಗಿಗೆ ಒಂದು ಹನಿ ಕೆಸರು ತಾಕಿಸಿಕೊಳ್ಳದ ಮನುಷ್ಯ.

“ಬರ್ರಿ ಮೇಡಂ. ಬಿಸಿಲಾಗ ಬಂದೀರಿ, ಮಜ್ಜಿಗಿ ತರಸ್ಲೇನ್ರಿ?”

“ಮಜ್ಜಿಗಿ ಬ್ಯಾಡ್ರಿ, ಎಂಜಿನ್ ತೋರಸ್ರಿ.”

ಎರ್ರಣ್ಣ ಬೀಗ ತೆಗೆದ. ಬೋಟಿತ್ತು. ಬೋಟಿನ ಹಿಂದೆ ಎಂಜಿನ್ ಇತ್ತು, ಬಿಳಿ ಬಣ್ಣದಲ್ಲಿ ‘ಹೊಳೆಗಡ್ಡಿ’ ಎಂದು ಬರೆದದ್ದು. ವಿರೂಪಮ್ಮ ಕವರಿನಿಂದ ಫೋಟೋ ತೆಗೆದು ಅಧ್ಯಕ್ಷನ ತೊಡೆಯ ಮೇಲಿಟ್ಟಳು.

ಹೂವಿನಿಂದ ಸಿಂಗರಿಸಿದ ಕಟ್ಟಿಗೆ ದೋಣಿ. ಅದರಲ್ಲಿ ಮದುವೆಯಾಗಲಿರುವ ಜೋಡಿ, ಹುಡುಗಿಯ ಸೆರಗು ಗಾಳಿಗೆ ಹಾರುತ್ತಿತ್ತು. ದೋಣಿಯ ಹಿಂಬದಿಯಲ್ಲಿ ಒಂದು ಎಂಜಿನ್. ಅದರ ಮೇಲೆ ಅದೇ ಬಿಳಿ ಅಕ್ಷರ.

“ಶುಕ್ರವಾರ ಸಂಜಿ ನಾಲ್ಕೂವರಿ,” ಎಂದಳು ವಿರೂಪಮ್ಮ. “ಶನಿವಾರ ಮುಂಜಾನಿ ರೇಣುಕಾಗ ನೋವು ಬಂತು. ಜೀವ ಉಳಿಸೋ ಎಂಜಿನ್ ಮದ್ವಿ ಶೂಟಿಂಗಿಗೆ ಹೋಗಿತ್ತು. ಹೌದಲ್ರೀ?”

ಗುಂಪಿನಲ್ಲಿ ಗುಸುಗುಸು ಎದ್ದಿತು. ಜಂಬುನಾಥ ಫೋಟೋವನ್ನು ಕಸಿದುಕೊಂಡು ನೋಡಿದ. ಅವನ ಕಿವಿ ಕೆಂಪಾದವು.

ಚಿದಾನಂದಪ್ಪ ಅಲುಗಲಿಲ್ಲ. “ನಮ್ಮ ತಂಗಿ ಮಗನ ಮದ್ವಿ. ಎಂಜಿನ್ ಒಯ್ದಿದ್ದು ಖರೇ, ಅದೊಂದು ತಪ್ಪು ಒಪ್ಕೋತೀನಿ. ಅವತ್ತ ಸಂಜಿ ಆರಕ್ಕ ತಂದು ಕೊಟ್ಟೀವಿ. ಕೇಳ್ರಿ ಎರ್ರಣ್ಣನ್ನ.”

ಎಲ್ಲರೂ ಎರ್ರಣ್ಣನ ಕಡೆ ತಿರುಗಿದರು.

“ಹೌದ್ರಿ,” ಎಂದ ಎರ್ರಣ್ಣ, ನೆಲ ನೋಡುತ್ತ. “ನಾನ ಜೋಡಿಸಿಟ್ನಿ. ಮುಂಜಾನಿ ಪೆಟ್ರೋಲ್ ತರಾಕ ಮನೀಗೆ ಹೋಗಿದ್ನಿ. ತಿರುಗಿ ಬರೋದ್ರಾಗ ಮಾರೆಣ್ಣ ಪುಟ್ಟಿ ಬಿಟ್ಟಿದ್ದ.”

“ನಿಂದ್ರು ಅಂದ್ರ ನಿಂದರಲಿಲ್ಲ?” ಎಂದಳು ವಿರೂಪಮ್ಮ.

“ಇಲ್ರಿ.”

“ಈ ಬೋಟು ಬಂದ ಮ್ಯಾಲೆ ಅವನ ಹೊಟ್ಟಿ ಮ್ಯಾಲೆ ಹೊಡದಂಗ ಆಗಿತ್ರಿ,” ಎಂದು ಚಿದಾನಂದಪ್ಪ ಮುಗಿಸಿದ. “ಹಟಕ್ಕ ಬಿದ್ದ, ಹರಕು ಪುಟ್ಟಿ ತಗೊಂಡು ಹೋದ. ನಡು ಹೊಳ್ಯಾಗ ನೀರು ಬಂತು. ಗೋರಿ ಚೆಲ್ಲೋದ್ರಾಗ ಎರಡು ತಾಸು ಹೋತು. ಹುಡುಗಿ ಹೋದ್ಲು.”

ಜಂಬುನಾಥ ಫೋಟೋ ಬಿಸಾಕಿದ. “ಈ ನಾಟಕ ನೋಡಾಕ ಕರಕೊಂಡು ಬಂದ್ರೇನ್ ನನ್ನ?”

“ಸಾವಕಾಶ ತಮ್ಮಾ. ಆ ಪುಟ್ಟಿ ಇಳಸ್ರಿ.”

ಠಾಣೆಯಲ್ಲಿ ಜಾಗವಿಲ್ಲವೆಂದು ಮಾರೆಣ್ಣನ ಹರಗೋಲನ್ನು ಮೊಹರು ಹಾಕಿ ಇಲ್ಲೇ, ಶೆಡ್ಡಿನ ಗೋಡೆಗೆ ಆನಿಸಿ ಇಟ್ಟಿದ್ದರು. ಕಾವಲು ಎರ್ರಣ್ಣನದೇ. ಮೂವರು ಗಂಡಸರು ಅದನ್ನು ಉರುಳಿಸಿ ತಂದರು. ಎರ್ರಣ್ಣ ತಾನೂ ಕೈಹಾಕಿದ.

“ಹೂಂ, ಡಬ್ಬ ಹಾಕ್ರಿ.”

ಹರಗೋಲು ಇನ್ನೇನು ನೆಲ ಮುಟ್ಟಬೇಕು. ಎರ್ರಣ್ಣ ಕಾಲಿನಿಂದ ಒಂದು ಕಲ್ಲನ್ನು ಅಂಚಿನಡಿಗೆ ತಳ್ಳಿದ. ಅವನ ಕಣ್ಣು ಅಧ್ಯಕ್ಷನ ಮೇಲಿತ್ತು, ಕಾಲು ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಇನ್ನೊಂದು ಕಲ್ಲು. ಪಕ್ಕಕ್ಕೆ ಸರಿದು, ಮತ್ತೊಂದು.

ಮೂರು.

ಅಂಚು ಒಂದು ಕಡೆ ಗೇಣುದ್ದ ಎತ್ತಿ ನಿಂತಿತು. ಯಾರೂ ಗಮನಿಸಲಿಲ್ಲ. ಗಮನಿಸಲು ಅದರಲ್ಲೇನಿದೆ?

ಸುನಂದಾಳ ಗಂಟಲಿನ ಮುಳ್ಳು ಆಗ ಕದಲಿತು.

ಆಗ ಅವಳಿಗೆ ಐದು ವರ್ಷ. ಬೇಸಿಗೆಯ ಮಧ್ಯಾಹ್ನ ಕಾಲಿಡಲಾಗದ ಮರಳು. ಅಪ್ಪ ಹರಗೋಲು ಮಗುಚಿ ಮೂರು ಕಲ್ಲು ಕೊಟ್ಟು ಒಂದು ಕಡೆ ಎತ್ತಿಡುತ್ತಿದ್ದ. ಅವಳು ಆ ಸಂದಿಯಲ್ಲಿ ನುಸುಳಿ ಒಳಗೆ ಮಲಗುತ್ತಿದ್ದಳು. ಬಿದಿರಿನ ಹೆಣಿಗೆ, ಡಾಂಬರಿನ ವಾಸನೆ, ತಂಪು ಕತ್ತಲೆ. “ನನ್ನ ಗುಬ್ಬಿಗೆ ಗೂಡು,” ಎನ್ನುತ್ತಿದ್ದ. ಊರಿನವರು ನಗುತ್ತಿದ್ದರು, ಎರ್ರಣ್ಣನ ಪುಟ್ಟಿ ಬಾಗಿಲು ತಕ್ಕೊಂಡೈತಿ ನೋಡ್ರಿ ಎಂದು. ಗುಬ್ಬಿ ಬೆಳೆದು ಕಾಲೇಜಿಗೆ ಹೋಯಿತು. ಅಪ್ಪನ ಕಾಲು ಮಾತ್ರ ಕಲ್ಲು ತಳ್ಳುವುದನ್ನು ಬಿಡಲಿಲ್ಲ.

ಊರಿನ ಬೇರೆ ಯಾರೂ ಕಲ್ಲನ್ನು ಕೆಳಗಿಡುವುದಿಲ್ಲ. ಮೇಲಿಡುತ್ತಾರೆ.

ಅವಳು ಡೈರಿಯನ್ನು ಎದೆಗವಚಿಕೊಂಡಳು. ಅಪ್ಪ ಅವಳನ್ನು ನೋಡಲಿಲ್ಲ. ಅಪ್ಪ ಹದಿನೆಂಟು ದಿನಗಳಿಂದ ಅವಳನ್ನು ನೋಡಿಯೇ ಇರಲಿಲ್ಲ. ಅದು ಅವಳಿಗೆ ಈಗ ಹೊಳೆಯಿತು.

ವಿರೂಪಮ್ಮ ಹರಗೋಲಿನ ತಳದ ಸೀಳಿನೊಳಗೆ ಬೆರಳು ಹಾಕಿದ್ದಳು. “ನೋಡ್ರಿ ಇಲ್ಲಿ. ಮ್ಯಾಲೆ ಡಾಂಬರ್, ಅದರಡಿ ಚೀಲ, ಅದರಡಿ ಬಿದಿರು. ಅವತ್ತ ಹೊಳಿ ಕೆಂಪು ಕೆಸರು. ಎರಡು ತಾಸು ಈ ತೂತಿನಾಗ ನೀರು ನುಗ್ಗಿದ್ರ ಚೀಲದ ಎಳಿ ಎಳಿಗೂ ಕೆಸರು ಹಿಡೀಬೇಕಿತ್ತು. ಎಲ್ಲೈತ್ರಿ? ಎಂಜಿನ್ ಇಲ್ಲದ್ದು ಮುಚ್ಚಾಕ ದಂಡಿ ಮ್ಯಾಲೆ ಕೊಯ್ದ ತೂತಿದು.”

“ಹದಿನೆಂಟು ದಿನ ಮಳಿ ಬಂದೈತಿ ಮೇಡಂ,” ಎಂದ ಚಿದಾನಂದಪ್ಪ, ಮಗುವಿಗೆ ತಿಳಿಹೇಳುವವನಂತೆ. “ತೊಳಕೊಂಡು ಹೋಗಿರತೈತಿ. ಕೋರ್ಟಿನ್ಯಾಗ ಕೆಸರಿನ ಕಥಿ ಹೇಳ್ತೀರೇನು?”

“ಡಬ್ಬ ಹಾಕಿದಾಂವ ಹೊಳಿ ಮನಿಶ್ಯಾ. ಮಾರೆಣ್ಣ ಹಾಕಿಲ್ಲ.”

“ಅರವತ್ತು ಮನ್ಯಾಗ ಎಲ್ಲಾರೂ ಹೊಳಿ ಮನಿಶ್ಯಾರ. ಹಿಡಕೊಂಡು ಹೋಗ್ರಿ, ಹೆಂಗಸ್ರು ಮಕ್ಕಳ ಸಮೇತ. ಜೀಪು ಸಣ್ಣದಾಗತೈತಿ ಅಷ್ಟ.”

ಒಂದಿಬ್ಬರು ನಕ್ಕರು. ನಗಬೇಕಾಗಿತ್ತು ಎಂಬ ಕಾರಣಕ್ಕೆ ನಕ್ಕ ನಗು. ವಿರೂಪಮ್ಮ ಸೀಳಿನಿಂದ ಬೆರಳು ತೆಗೆದು ಸೀರೆಗೆ ಒರೆಸಿಕೊಳ್ಳಲು ಹೋದಳು. ಉಟ್ಟದ್ದು ಸೀರೆಯಲ್ಲ, ತೊಟ್ಟದ್ದು ಸಮವಸ್ತ್ರ ಎಂಬುದು ನೆನಪಾಗಿ ಕೈ ಹಾಗೇ ನಿಂತಿತು. ಮೊದಲ ಸಲ ಅವಳ ಮುಖ ಸೋತಂತೆ ಕಂಡಿತು.

“ಸುನಂದಾ,” ಎಂದು ಚಿದಾನಂದಪ್ಪ ಕರೆದ. ದನಿಯಲ್ಲಿ ಬೆಲ್ಲ. “ನೀನೂ ಬಂದೀಯಲ್ಲ, ಚಲೋ ಆತು. ನಿನ್ನ ಲೈಬ್ರರಿ ಕೆಲಸದ ಆರ್ಡರ್ ಆಗೇತಿ ನೋಡವಾ. ಸೋಮವಾರ ಬಂದು ಹಾಜರಾಗು. ನಿಮ್ಮಪ್ಪ ನನ್ನ ಬೆನ್ನು ಬಿಡಲಿಲ್ಲ, ಮಗಳಿಗೆ ಒಂದು ನೆಳ್ಳು ಮಾಡಿಕೊಡ್ರಿ ಅಂತ.”

ಅವನು ಕಾಗದ ಚಾಚಿದ. ಅವಳು ಕೈ ನೀಡಲಿಲ್ಲ. ಎರ್ರಣ್ಣನೇ ಮುಂದೆ ಬಂದು, ಎರಡೂ ಕೈಯಿಂದ ಇಸಿದುಕೊಂಡು, ಕಣ್ಣಿಗೊತ್ತಿಕೊಂಡ.

ನೆರಳು. ಐದು ವರ್ಷದವಳಿಗೆ ಮೂರು ಕಲ್ಲಿನಲ್ಲಿ ಮಾಡಿದ ನೆರಳು, ಇಪ್ಪತ್ತಮೂರರವಳಿಗೆ ಒಂದು ಸೀಳಿನಲ್ಲಿ ಮಾಡಿದ ನೆರಳು.

ಸಿಟ್ಟು ಅವಳ ಅಂಗಾಲಿನಿಂದ ಎದ್ದಿತು. ಅಡಿಗಲ್ಲಿನ ಮೇಲೆ, ಬಿಳಿ ಅಂಗಿಯ ಮೇಲೆ, ಹೂವಿನ ದೋಣಿಯ ಮೇಲೆ, ನಕ್ಕವರ ಮೇಲೆ. ಹದಿನೆಂಟು ದಿನ ಒಂದು ಸಾಲನ್ನು ಓದಿಯೂ ಓದದಂತೆ ಇದ್ದ ತನ್ನ ಮೇಲೆ. ಅಪ್ಪನ ಮೇಲೆ ಬರಲೆಂದು ಕಾದಳು. ಅದು ಬಂತು, ಎಲ್ಲಕ್ಕಿಂತ ಜೋರಾಗಿ ಬಂತು, ಬರುವಾಗ ಕಣ್ಣೀರನ್ನೂ ಕರೆತಂದಿತು.

“ಆತು ಬಿಡ್ರಿ,” ಎಂದು ವಿರೂಪಮ್ಮ ನೋಟ್‌ಬುಕ್ ಮುಚ್ಚಿದಳು. “ಜಂಬುನಾಥ, ನಡಿ. ನಾಳಿ ಚಾರ್ಜ್‌ಶೀಟ್ ಹೋಗ್ಲಿ.”

“ಹೋಗ್ಲಿ,” ಎಂದ ಜಂಬುನಾಥ. “ಆ ಮುದುಕ ಜೈಲಿನ್ಯಾಗ ಕೊಳೀಲಿ.”

ಆ ಮುದುಕ ಸಾಯುತ್ತಿದ್ದವಳನ್ನು ನೋಡಿಕೊಳ್ಳುತ್ತಲೇ ಹುಟ್ಟು ಹಾಕಿ, ಅವಳ ಕೂಸನ್ನು ತನ್ನ ಪಂಚೆಯಲ್ಲಿ ಸುತ್ತಿ ದಂಡೆ ಮುಟ್ಟಿಸಿದ್ದ. ಇವತ್ತು ಬೆಳಿಗ್ಗೆ ಅವನು ಕೇಳಿದ ಮೊದಲ ಮಾತು, ಹೊಳಿ ಇಳದೈತೇನು.

ಜನ ಚದುರತೊಡಗಿದರು. ಎರ್ರಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಮಗಳ ಬಳಿ ಬಂದ. ಹದಿನೆಂಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ನೋಡಿದ.

ಅವಳು ಅವನನ್ನು ನೋಡಲಿಲ್ಲ. ಅವನ ಹಿಂದೆ ಹರಗೋಲಿನ ಅಂಚಿನಡಿಯ ಸಂದಿಯನ್ನು ನೋಡುತ್ತಿದ್ದಳು. ಅವನು ತಿರುಗಿ, ಅವಳ ನೋಟ ಬಿದ್ದ ಕಡೆ ನೋಡಿದ. ಮೂರು ಕಲ್ಲುಗಳನ್ನು ಮೊದಲ ಸಲ ಕಂಡವನಂತೆ ಕಂಡ. ಅವನ ಬಾಯಿ ತೆರೆದುಕೊಂಡಿತು.

“ಮನೀಗೆ ನಡಿ ಗುಬ್ಬಿ,” ಎಂದ. ಬೇಡಿಕೊಳ್ಳುವ ದನಿ.

“ವಿರೂಪಮ್ಮನವರ,” ಎಂದಳು ಸುನಂದಾ.

ಯಾರಿಗೂ ಕೇಳಿಸಲಿಲ್ಲ. ದನಿ ಮತ್ತೆ ಸೊಳ್ಳೆಯದೇ. ವಿರೂಪಮ್ಮ ಆಗಲೇ ದಂಡೆಯ ಇಳಿಜಾರು ಇಳಿಯುತ್ತಿದ್ದಳು.

ಸುನಂದಾ ಡೈರಿಯನ್ನು ಹರಗೋಲಿನ ಬೆನ್ನ ಮೇಲಿಟ್ಟಳು. ಹೊಳೆಯ ಆಚೆ ದಂಡೆಗೆ ಕೂಗು ಹಾಕಲು ಮಾರೆಣ್ಣ ಮಾಮ ಚಿಕ್ಕಂದಿನಲ್ಲಿ ಕಲಿಸಿದ್ದ. ಕುತ್ತಿಗೆಯಿಂದ ಕೂಗಬಾರದು ಮಗಳ, ಹೊಟ್ಟೆಯಿಂದ ಕೂಗಬೇಕು. ಅವಳು ಹೊಟ್ಟೆಯಿಂದ ಕೂಗಿದಳು.

“ಮೇಡಂ! ಮಾರೆಣ್ಣ ಮಾಮನ ಪುಟ್ಟಿ ಡಬ್ಬ ಹಾಕಿ ಕೊಯ್ದಾಂವ ನಮ್ಮಪ್ಪ!”